ಫಿಜಿಯಾಲಜಿ ಎಂಡಿಗೆ ಸೇರಿದರೆ ಸಂಶೋಧನೆಗೆ ನಿಜವಾಗಿ ಅವಕಾಶವಿದೆಯೇ?

ನೀಟ್ ಪಿಜಿಯಲ್ಲಿ ಬಂದ ರ‍್ಯಾಂಕಿಗೆ ಫಿಜಿಯಾಲಜಿ, ಅಂದರೆ ದೇಹದ ಅಂಗಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಓದುವ ಶಾಸ್ತ್ರದ ಎಂಡಿ (ಸ್ನಾತಕೋತ್ತರ ಪದವಿ) ಸೀಟು ಸಿಗುವಂತಿದೆ, ಊರು ವಿಜಯಪುರ, ನಿಮಗೆ ಸಂಶೋಧನೆಯ ಆಸೆ, ಮನೆಯವರು ಮಾತ್ರ ‘ರೋಗಿಯನ್ನೇ ಮುಟ್ಟದ ಓದು ಯಾಕೆ’ ಎನ್ನುತ್ತಾರೆ ಎಂದು ಬರೆದಿದ್ದೀರಿ.

ಆಸೆ ನಿಜವಾಗಿದ್ದರೆ ಸೇರಿ. ಬೇರೆ ಏನೂ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕಾದರೆ ಬೇಡ. ನಾನು ಬಾಗಲಕೋಟೆ ಜಿಲ್ಲೆಯವನು. ಇದೇ ಎಂಡಿ ಮುಗಿಸಿ ಈಗ ಪಾಠ ಮಾಡುತ್ತಿದ್ದೇನೆ. ಮನೆಯವರ ಮಾತಿಗೆ ನನ್ನ ಪ್ರಬಂಧದ ಕೆಲಸವನ್ನೇ ಉತ್ತರವಾಗಿ ಹೇಳುತ್ತೇನೆ.

ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಹಂಗಾಮು ಶುರುವಾದರೆ ಕಬ್ಬು ಅರೆದ ಸಿಪ್ಪೆ ಗುಡ್ಡದಂತೆ ಬೀಳುತ್ತದೆ. ಅದು ತೇವದಲ್ಲಿ ಕುಳಿತು ಬೂಸ್ಟು ಹಿಡಿದರೆ ಅದರ ಧೂಳು ಶ್ವಾಸಕೋಶ ಸೇರಿ ಬಗಾಸೋಸಿಸ್ ಎಂಬ ಕಾಯಿಲೆ ತರಬಲ್ಲದು. ನನ್ನ ಸೋದರಮಾವ ಆ ರಾಶಿಯಲ್ಲೇ ಹದಿನಾಲ್ಕು ಹಂಗಾಮು ದುಡಿದವರು. ಅವರ ಕೆಮ್ಮು ಕೇಳುತ್ತಲೇ ಬೆಳೆದ ನನಗೆ ವಿಷಯ ಹುಡುಕಲು ಗ್ರಂಥಾಲಯಕ್ಕೆ ಹೋಗಬೇಕಾಗಲಿಲ್ಲ. ಸಿಪ್ಪೆಯಲ್ಲಿ ದುಡಿಯುವವರ ಉಸಿರನ್ನು ಸ್ಪೈರೋಮೀಟರಿನಲ್ಲಿ (ಊದಿದ ಗಾಳಿ ಎಷ್ಟೆಂದು ಅಳೆಯುವ ಯಂತ್ರ) ಅಳೆದು, ಅದೇ ವಯಸ್ಸಿನ, ಅದೇ ಎತ್ತರದ, ಅವರಷ್ಟೇ ಬೀಡಿ ಸೇದುವ ಹೊಲದ ಕೆಲಸಗಾರರ ಉಸಿರಿನೊಂದಿಗೆ ಹೋಲಿಸಿದೆ.

ಕೇಳಲು ಸುಲಭ. ಎದೆ ತುಂಬ ಉಸಿರೆಳೆದು, ಒಮ್ಮೆಲೇ ಜೋರಾಗಿ ಊದಿ, ಇನ್ನೇನೂ ಹೊರಬರದು ಎನ್ನುವವರೆಗೆ ನಿಲ್ಲಿಸಬಾರದು. ಹೆಚ್ಚಿನವರು ಎರಡು ಸೆಕೆಂಡಿಗೇ ನಿಲ್ಲಿಸಿ ನಾಚಿಕೊಂಡು ನಗುತ್ತಿದ್ದರು. ಸರಿಯಾಗಿ ಊದಿದ್ದು ಮೂರು ಸಲವಾದರೂ ಬೇಕು, ಅವುಗಳಲ್ಲಿ ಅತಿ ಹೆಚ್ಚು ಬಂದ ಎರಡರ ನಡುವೆ 150 ಮಿಲಿಲೀಟರಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಎದುರಿಗೆ ಕುಳಿತು ನಾನೇ ಊದಿ ತೋರಿಸುತ್ತಿದ್ದೆ. ಒಪ್ಪಿಗೆ ಪತ್ರ ಓದಿ ಹೇಳಿದಾಗ ಒಬ್ಬ ಹಿರಿಯರು ಕೇಳಿದ್ದು ಒಂದೇ: ‘ಈ ಕಾಗದ ಮುಕಾದಮನ ಕೈಗೆ ಹೋಗುತ್ತದೆಯೇ?’ ಮುಕಾದಮ ಎಂದರೆ ಕೂಲಿಗಳನ್ನು ಕೆಲಸಕ್ಕೆ ಕರೆಯುವ ಮೇಸ್ತ್ರಿ. ಎದೆ ದುರ್ಬಲವಾಗಿದೆ ಎಂದು ಅವನಿಗೆ ಗೊತ್ತಾದರೆ ಮುಂದಿನ ಹಂಗಾಮಿಗೆ ಕರೆಯುವುದಿಲ್ಲವೆಂಬ ಭಯ. ಹೋಗುವುದಿಲ್ಲ ಎಂದು ಮಾತು ಕೊಟ್ಟೆ. ಆ ಹಾಳೆಗಳಲ್ಲಿ ಹೆಸರಿಲ್ಲ, ಸಂಖ್ಯೆ ಮಾತ್ರ ಇದೆ. ಸಂಶೋಧನೆಗೆ ಒಳಗಾಗುವವರ ಹಿತ ಕಾಯುವ ನೈತಿಕ ಸಮಿತಿ ಎಂಬುದು ಏಕೆ ಇದೆ ಎಂದು ನನಗೆ ಅರ್ಥವಾದದ್ದು ಅಂದು.

ನನ್ನ ತಪ್ಪನ್ನೂ ಹೇಳಬೇಕು. ಎದೆಯಿಂದ ಬರುವ ಗಾಳಿ 37 ಡಿಗ್ರಿಯದು. ಯಂತ್ರದೊಳಗೆ ತಣ್ಣಗಾಗಿ ಅದು ಕುಗ್ಗುತ್ತದೆ. ಆದ್ದರಿಂದ ಕೋಣೆಯ ಉಷ್ಣಾಂಶ ತಿಳಿಸಿದರೆ ಯಂತ್ರ ಲೆಕ್ಕ ತಿದ್ದುತ್ತದೆ. 20 ಡಿಗ್ರಿಯಲ್ಲಿ 1.102ರಿಂದ ಗುಣಿಸಬೇಕು, 30 ಡಿಗ್ರಿಯಲ್ಲಿ 1.045ರಿಂದ. ಡಿಸೆಂಬರಿನ ಬೆಳಿಗ್ಗೆ 20 ಎಂದು ನಮೂದಿಸಿದವನು ಮಧ್ಯಾಹ್ನ ತಗಡಿನ ಶೆಡ್ಡು ಕಾದ ಮೇಲೂ ಅದನ್ನು ಬದಲಿಸಲಿಲ್ಲ. ಮೂರು ಲೀಟರ್ ಊದಿದವರಿಗೆ ಸುಮಾರು 170 ಮಿಲಿಲೀಟರ್ ಪುಕ್ಕಟೆಯಾಗಿ ಸೇರಿತು. ನಾನು ಹುಡುಕುತ್ತಿದ್ದ ವ್ಯತ್ಯಾಸವೇ ಹೆಚ್ಚುಕಡಿಮೆ ಅಷ್ಟಿತ್ತು! ಮಾರ್ಗದರ್ಶಕರು ಹಾಳೆ ತಿರುವಿ, ‘ಮಧ್ಯಾಹ್ನ ಬಂದವರೆಲ್ಲ ಬೆಳಗಿನವರಿಗಿಂತ ಗಟ್ಟಿಗರೇ?’ ಎಂದು ಕೇಳಿದಾಗ ನೆಲ ಕುಸಿದಂತಾಯಿತು. ಇಪ್ಪತ್ತೆರಡು ಜನರನ್ನು ಮತ್ತೆ ಕರೆದು ಅಳೆದೆ. ಗದರದೆ ಆ ಒಂದು ಪ್ರಶ್ನೆ ಕೇಳಿದ ಅವರಿಗೆ ನಾನು ಇಂದಿಗೂ ಋಣಿ.

ಇನ್ನು ಸೀಟಿನ ವಿಷಯ. ವಿಜಯಪುರದ ಬಿಎಲ್‌ಡಿಇ, ಬೆಳಗಾವಿಯ ಕೆಎಲ್‌ಇ ಎರಡೂ ಡೀಮ್ಡ್ ವಿಶ್ವವಿದ್ಯಾಲಯಗಳು, ಅಂದರೆ ತಾವೇ ಪದವಿ ಕೊಡುವ ಸಂಸ್ಥೆಗಳು. ಅಲ್ಲಿನ ಸೀಟುಗಳು ಎಂಸಿಸಿ (ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ) ನಡೆಸುವ ಕೌನ್ಸೆಲಿಂಗಿನಲ್ಲಿ ಬರುತ್ತವೆ. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಅದಕ್ಕೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕಡೆ ನೋಡಿ. ಎರಡೂ ಕಡೆ ಹೆಸರು ನೋಂದಾಯಿಸಿ, ಶುಲ್ಕ ಹೋಲಿಸಿ. ಎಂಡಿ ಮೂರು ವರ್ಷ. ಮುಂದೆ ಪಿಎಚ್‌ಡಿ ಬೇಕೆಂದರೆ ಯುಜಿಸಿಯ 2022ರ ನಿಯಮದಂತೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು.

ಮನೆಯವರಿಗೆ ಒಂದು ಸತ್ಯವನ್ನು ಮುಚ್ಚಿಡಬೇಡಿ: ಈ ಪದವಿಯಿಂದ ತಜ್ಞ ವೈದ್ಯರೆಂದು ಬೋರ್ಡು ಹಾಕಿ ದುಡಿಯಲು ಆಗುವುದಿಲ್ಲ, ಬದುಕು ಮುಖ್ಯವಾಗಿ ಪಾಠ ಮತ್ತು ಪ್ರಯೋಗಾಲಯದಲ್ಲಿ. ಎಂಬಿಬಿಎಸ್ ನೋಂದಣಿ ನಿಮ್ಮದಾಗಿಯೇ ಇರುತ್ತದೆ, ಸಂಜೆ ಸಾಮಾನ್ಯ ವೈದ್ಯರಾಗಿ ಕೂರುವುದು ಕಾಲೇಜಿನ ನಿಯಮ ಒಪ್ಪಿದರೆ ಮಾತ್ರ.

ಆಯ್ಕೆ ಪಟ್ಟಿ ತುಂಬುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಆ ವಿಭಾಗಗಳಿಗೇ ಹೋಗಿ. ಮಾರ್ಗದರ್ಶಕರನ್ನು ಭೇಟಿಯಾಗಿ, ಎರಡನೆಯ ವರ್ಷದ ವಿದ್ಯಾರ್ಥಿಗಳನ್ನು ಬೇರೆಯಾಗಿ ಮಾತನಾಡಿಸಿ. ಸ್ಪೈರೋಮೀಟರ್ ಎಲ್ಲಿದೆ ಎಂದು ಕೇಳಿ, ಮೂರು ಲೀಟರಿನ ಸಿರಿಂಜಿನಿಂದ ಗಾಳಿ ತಳ್ಳಿ ಅದರ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಿ ಬರೆದಿಡುವ ಪುಸ್ತಕ ನೋಡಿ. ಕೊನೆಯ ಸಾಲಿನಲ್ಲಿ ಅಂದಿನ ದಿನಾಂಕವಿದ್ದರೆ ಆ ಕಾಲೇಜನ್ನೇ ಮೊದಲು ಹಾಕಿ.