ಪರ್ಮ್‌ಕ್ಯಾತ್ ಎಷ್ಟು ದಿನ ಬಾಳಿಕೆ ಬರುತ್ತದೆ?

ಅಪ್ಪನಿಗೆ ಡಯಾಲಿಸಿಸ್‌ಗಾಗಿ ಪರ್ಮ್‌ಕ್ಯಾತ್ (ಎದೆಯ ಮೇಲ್ಭಾಗದಿಂದ ದೊಡ್ಡ ರಕ್ತನಾಳಕ್ಕೆ ಹಾಕುವ ಪೈಪ್) ಹಾಕಿದ್ದಾರೆ, ವರ್ಷಗಟ್ಟಲೆ ಇರುತ್ತದಾ, ಆಗಾಗ ಬದಲಾಯಿಸಬೇಕಾ ಅಂತ ಕೇಳಿದ್ದೀರಿ. ನಾನು ಕಾರವಾರದಲ್ಲಿ ಡಯಾಲಿಸಿಸ್ ಟೆಕ್ನಿಶಿಯನ್. ದಿನಾ ಇದೇ ಕೆಲಸ.

ಇಷ್ಟು ತಿಂಗಳಾಯ್ತು, ಇನ್ನು ತೆಗೆಯಬೇಕು ಅನ್ನುವ ಲೆಕ್ಕ ಇದಕ್ಕಿಲ್ಲ. ರಕ್ತ ಚೆನ್ನಾಗಿ ಹರಿಯುತ್ತಿದ್ದು, ಸೋಂಕು ಇಲ್ಲದಿದ್ದರೆ ಸುಮ್ನೆ ಬದಲಾಯಿಸುವುದಿಲ್ಲ. ಕೆಲವರಿಗೆ ಎರಡೇ ತಿಂಗಳಲ್ಲಿ ಕೈಕೊಡುತ್ತದೆ, ಕೆಲವರಿಗೆ ವರ್ಷ ದಾಟಿದರೂ ನಡೆಯುತ್ತದೆ. ತುರ್ತಿಗೆ ಕುತ್ತಿಗೆಗೆ ಹಾಕುವ ತಾತ್ಕಾಲಿಕ ಪೈಪ್ ಬೇರೆ. ಅದನ್ನು ಎರಡು ವಾರಕ್ಕಿಂತ ಜಾಸ್ತಿ ಇಡದಿರುವುದೇ ಒಳ್ಳೆಯದು. ಪರ್ಮ್‌ಕ್ಯಾತ್ ಚರ್ಮದಡಿ ಸ್ವಲ್ಪ ದೂರ ಹಾದು ರಕ್ತನಾಳ ಸೇರುತ್ತದೆ. ಒಳಗೆ ಅದರ ಸುತ್ತ ಬಟ್ಟೆಯಂಥ ಸಣ್ಣ ಪಟ್ಟಿಯಿದೆ. ಮೂರ್ನಾಲ್ಕು ವಾರದಲ್ಲಿ ಮಾಂಸ ಆ ಪಟ್ಟಿಗೆ ಬೆಸೆದುಕೊಂಡು ಪೈಪನ್ನು ಹಿಡಿದಿಡುತ್ತದೆ, ಹೊರಗಿನ ಸೂಕ್ಷ್ಮಾಣುಗಳನ್ನೂ ತಡೆಯುತ್ತದೆ. ಅಲ್ಲಿಯವರೆಗೆ ಎಳೆತ ಬೀಳದಂತೆ ನೋಡಿಕೊಳ್ಳಿ.

ಪೈಪ್ ಒಳಗೆ ರಕ್ತ ಹೆಪ್ಪುಗಟ್ಟದಿರಲಿ ಅಂತ ಪ್ರತಿ ಸಲ ಕೊನೆಗೆ ಹೆಪಾರಿನ್ ತುಂಬಿ ಕ್ಲ್ಯಾಂಪ್ ಹಾಕುತ್ತೇವೆ. ಕಟ್ಟಿಕೊಂಡರೂ ಎಷ್ಟೋ ಸಲ ಔಷಧಿ ಹಾಕಿ ಬಿಡಿಸಬಹುದು. ನನಗೆ ಭಯ ಸೋಂಕಿನದು. ಅದು ನೇರ ರಕ್ತಕ್ಕೇ ಇಳಿಯುತ್ತದೆ. ಡಯಾಲಿಸಿಸ್ ಶುರುವಾದ ಮೇಲೆ ಗಡಗಡ ನಡುಕ ಬಂದು ಜ್ವರ ಏರಿದರೆ ಮೊದಲ ಅನುಮಾನ ಪೈಪ್ ಮೇಲೇ. ಮನೆಯಲ್ಲಿ ಚಳಿಜ್ವರ ಬಂದಾಗ ಪ್ಯಾರಾಸಿಟಮಾಲ್ ನುಂಗಿಸಿ ಮುಂದಿನ ಡಯಾಲಿಸಿಸ್‌ವರೆಗೆ ಕಾಯಬೇಡಿ. ಅಂಕೋಲಾದಲ್ಲಿರಿ, ಕುಮಟಾದಲ್ಲಿರಿ, ಅದೇ ದಿನ ಆಸ್ಪತ್ರೆಗೆ ಕರೆತನ್ನಿ.

ನಮ್ಮ ಕರಾವಳಿಯಲ್ಲಿ ದೊಡ್ಡ ತೊಂದರೆ ಬೆವರು. ಮೇ ತಿಂಗಳಲ್ಲಿ ಡ್ರೆಸಿಂಗ್ ಒಂದು ಮೂಲೆಯಿಂದ ಏಳುತ್ತದೆ, ಜನ ಅದನ್ನೇ ಬೆರಳಲ್ಲಿ ಒತ್ತಿ ಮತ್ತೆ ಅಂಟಿಸುತ್ತಾರೆ. ದಯವಿಟ್ಟು ಬೇಡ. ಎದ್ದರೆ, ಒದ್ದೆಯಾದರೆ ಹೊಸದು ಹಾಕಿಸಿ. ತಲೆಯಿಂದ ನೀರು ಹೊಯ್ದುಕೊಳ್ಳುವ ಸ್ನಾನ ಬೇಡ, ಎದೆಯ ಭಾಗ ಬಿಟ್ಟು ಮೈ ಒರೆಸಿ. ಸಮುದ್ರ, ಹೊಳೆಯಂತೂ ಬೇಡವೇ ಬೇಡ. ಪೈಪಿನ ಮುಚ್ಚಳ ಬಿಚ್ಚುವಾಗ ಸಿಬ್ಬಂದಿಗೂ ಅಪ್ಪನಿಗೂ ಮಾಸ್ಕ್ ಇರಬೇಕು. ಇಲ್ಲದಿದ್ದರೆ ಸಂಕೋಚ ಪಡದೆ ಕೇಳಿ. ಕೇಳುವುದು ನಿಮ್ಮ ಹಕ್ಕು.

ಇನ್ನೊಂದು ಮಾತು. ಪರ್ಮ್‌ಕ್ಯಾತ್ ಚೆನ್ನಾಗಿದೆಯಲ್ಲ ಅಂತ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಕೈಯ ಎರಡು ರಕ್ತನಾಳಗಳನ್ನು ಜೋಡಿಸುವ ಆಪರೇಷನ್) ಮುಂದೂಡುವವರನ್ನು ಕಂಡರೆ ನನಗೆ ತುಂಬಾ ಸಂಕಟ. ಪೈಪ್ ಜಾಸ್ತಿ ಕಾಲ ಇದ್ದರೆ ಎದೆಯೊಳಗಿನ ದೊಡ್ಡ ರಕ್ತನಾಳ ಕಿರಿದಾಗಬಹುದು. ಆಗ ಆ ಬದಿಯ ಕೈಯಲ್ಲಿ ಫಿಸ್ಟುಲಾ ಮಾಡಿಸಿದರೂ ಕೈ ಊದಿಕೊಳ್ಳಬಹುದು. ಫಿಸ್ಟುಲಾ ಬಳಕೆಗೆ ಬರಲು ಒಂದೂವರೆ, ಎರಡು ತಿಂಗಳಾದರೂ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಹಾಗಾಗಿ ವೈದ್ಯರನ್ನು ಈಗಲೇ ಕೇಳಿ. ಯಾವ ಕೈ ಅಂತ ಹೇಳಿದ ಮೇಲೆ ಆ ಕೈಗೆ ಸೂಜಿ ಚುಚ್ಚಿಸಬೇಡಿ. ರಕ್ತ ತೆಗೆಯಲು ಬಂದವರಿಗೆ ಇನ್ನೊಂದು ಕೈಯ ಅಂಗೈ ಹಿಂಭಾಗ ತೋರಿಸಿ.