ಮುಂಬಯಿಯಲ್ಲಿ ಒಬ್ಬನೇ ಇದ್ದೇನೆ, ಇಲ್ಲಿನ ಬಗೆಬಗೆಯ ಹೋಟೆಲುಗಳನ್ನು ಎಲ್ಲಿಂದ ಸುತ್ತಲು ಶುರುಮಾಡಲಿ?

ಹುಬ್ಬಳ್ಳಿಯಿಂದ ವರ್ಗವಾಗಿ ಬಂದಿದ್ದೀರಿ, ಮನೆಯವರು ಊರಲ್ಲೇ ಇದ್ದಾರೆ, ಮೀನು ಮಾಂಸ ಎರಡೂ ನಡೆಯುತ್ತದೆ, ಮೊಬೈಲಿನಲ್ಲಿ ಸಿಗುವ ಪಟ್ಟಿಗಳೆಲ್ಲ ಅದೇ ನಾಲ್ಕು ಹೆಸರು ಹೇಳುತ್ತವೆ ಎಂದು ಬರೆದಿದ್ದೀರಿ. ಪಟ್ಟಿ ಬಿಡಿ. ಈ ಊರಿನ ಹಳೆಯ ಹೋಟೆಲುಗಳಲ್ಲಿ ಹೆಚ್ಚಿನವು ಹುಟ್ಟಿದ್ದೇ ನಿಮ್ಮಂಥವರಿಗಾಗಿ: ಸಂಸಾರವನ್ನು ಊರಲ್ಲಿ ಬಿಟ್ಟು ದುಡಿಯಲು ಬಂದ, ಖೋಲಿಯಲ್ಲಿ ಒಲೆ ಹೂಡಲಾಗದ ಗಂಡಸರಿಗಾಗಿ. ಹಾಗಾಗಿ ಯಾವುದು ಚೆನ್ನಾಗಿದೆ ಎಂದು ಕೇಳುವ ಮೊದಲು, ಇದನ್ನು ಯಾರ ಹಸಿವಿಗಾಗಿ ತೆರೆದರು, ಅವರು ಯಾವ ಹೊತ್ತಿಗೆ ಬರುತ್ತಿದ್ದರು ಎಂದು ವಿಚಾರಿಸಿ. ಅದೇ ಹೊತ್ತಿಗೆ ನೀವೂ ಹೋಗಿ.

ಮೊದಲ ವಾರ ನಾಲಿಗೆಗೆ ಪರಿಚಯದ ರುಚಿ ಬೇಕೆನಿಸಿದರೆ ಮಾಟುಂಗಾ ಪೂರ್ವ. 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಲೆ ಊಟ ಮಾಡಿ. ರಜಾದಿನ ಸರದಿ ಉದ್ದವಿರುತ್ತದೆ, ಬೇಗ ಹೋಗುವುದು ಲೇಸು. ಇನ್ನೊಂದು ಬೆಳಿಗ್ಗೆ ರಾಮ ಆಶ್ರಯದಲ್ಲಿ ಅನಾನಸ್ ಶೀರಾ, ಕೆಫೆ ಮದ್ರಾಸಿನಲ್ಲಿ ರಾಗಿ ದೋಸೆ. ಇಷ್ಟಾದ ಮೇಲೆ ಮಾಟುಂಗಾದಲ್ಲೇ ಬೀಡುಬಿಡಬೇಡಿ. ನಮ್ಮವರು ಅನೇಕರು ಮೂವತ್ತು ವರ್ಷ ಇಲ್ಲಿದ್ದೂ ಇಡ್ಲಿಯ ಆಚೆ ಕಾಲಿಟ್ಟಿಲ್ಲ.

ನನಗೆ ಹೆಚ್ಚು ಪ್ರೀತಿ ಕೋಟೆ (ಫೋರ್ಟ್) ಭಾಗದ ಲಂಚ್ ಹೋಮ್‌ಗಳ ಮೇಲೆ. ಬ್ಯಾಂಕು, ಬಂದರು, ಶೇರುಪೇಟೆಯ ಗುಮಾಸ್ತರಿಗೆ ಮಧ್ಯಾಹ್ನದ ಊಟ ಹಾಕಲು ದಕ್ಷಿಣ ಕನ್ನಡ, ಉಡುಪಿಯ ಕಡೆಯವರು ತೆರೆದ ಜಾಗಗಳಿವು. ಮಹೇಶ್ ಲಂಚ್ ಹೋಮ್‌ನಂಥವು ಈಗ ಹವಾನಿಯಂತ್ರಿತವಾಗಿ, ಏಡಿಗೆ ಬೆಣ್ಣೆ ಬೆಳ್ಳುಳ್ಳಿ ಸುರಿದು ದುಬಾರಿಯಾಗಿವೆ. ಏಡಿ ಬಿಡಿ, ತೆಂಗಿನ ಮಸಾಲೆಯ ಗಸಿ ಮತ್ತು ನೀರು ದೋಸೆ ಕೇಳಿ. ಕಾಣೆ ಮೀನು ಬಂದಿದೆಯೇ ಎಂದು ಕನ್ನಡದಲ್ಲೇ ವಿಚಾರಿಸಿ. ಗಲ್ಲಾದಲ್ಲಿ ಕೂತವರು ತುಳುವಿನಲ್ಲಿ ಒಳಗೆ ಕೂಗಿ ಕೇಳಿ ಹೇಳುವುದುಂಟು. ಊರಿನಿಂದ ಎಳೆಯ ವಯಸ್ಸಿಗೇ ಬಂದು ಹಗಲೆಲ್ಲ ಮೇಜು ಒರೆಸಿದ ಹುಡುಗರು ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿದ್ದೂ ಇದೇ ಬೀದಿಗಳಲ್ಲಿ. ಅವರಲ್ಲಿ ಕೆಲವರು ಮುಂದೆ ವಕೀಲರಾದರು, ಕೆಲವರು ತಾವೇ ಹೋಟೆಲು ಹಾಕಿದರು. ಪಕ್ಕದ ಮೇಜಿನಲ್ಲಿ ಕೋರಿ ರೊಟ್ಟಿಗೆ ಸಾರು ಸುರಿದುಕೊಳ್ಳುತ್ತಿರುವ ಹಿರಿಯರನ್ನು ಮಾತಿಗೆಳೆದರೆ ಈ ಕಥೆ ಸಿಕ್ಕೇ ಸಿಗುತ್ತದೆ.

ಅಲ್ಲಿಂದ ಬಲಾರ್ಡ್ ಎಸ್ಟೇಟ್ ದೂರವಿಲ್ಲ. ಇರಾನಿನಿಂದ ವಲಸೆ ಬಂದವರು ತೆರೆದ, 1923ರ ಬ್ರಿಟಾನಿಯಾ ಮುಖ್ಯವಾಗಿ ಮಧ್ಯಾಹ್ನದ ಹೋಟೆಲು; ಸುತ್ತಲಿನ ಕಚೇರಿಗಳ ಹೊತ್ತೇ ಅದರ ಹೊತ್ತು. ಇರಾನಿನ ಹುಳಿ ಹಣ್ಣು ಉದುರಿಸಿದ ಬೆರಿ ಪಲಾವ್ ಅದರ ಹೆಸರುವಾಸಿ ತಿನಿಸು, ಬೆಲೆ ಕೊಂಚ ಚುರುಕು. ಅಗ್ಗದಲ್ಲಿ ಇರಾನಿ ಹವಾ ಬೇಕಾದರೆ ಧೋಬಿ ತಲಾವ್ ಬಳಿಯ ಕಯಾನಿ, 1904ರದ್ದು. ಅಲ್ಲಿನ ಬ್ರುನ್ ಮಸ್ಕಾ ಎಂದರೆ ಬೆಣ್ಣೆ ಸವರಿದ ಗಟ್ಟಿ ಪಾವು, ಚಹಾದಲ್ಲಿ ಅದ್ದದೆ ಕಚ್ಚಿದರೆ ದವಡೆಗೆ ಶಿಕ್ಷೆ. ಬೀದಿಯ ಮೂಲೆಯ ಅಂಗಡಿ ಅಪಶಕುನವೆಂದು ಹಿಂದೂ ವ್ಯಾಪಾರಿಗಳು ಬಿಟ್ಟದ್ದನ್ನು ಇರಾನಿಗಳು ಹಿಡಿದರು ಎಂಬ ಮಾತಿದೆ. ನಿಜವೋ ಅಲ್ಲವೋ, ಎರಡು ಬೀದಿಗೆ ಬಾಗಿಲಿರುವ ಮೂಲೆಯಲ್ಲಿ ಕೂತು ಚಹಾ ಕುಡಿಯುವ ಸುಖ ಮಾತ್ರ ಅವರಿಗೆ ದಕ್ಕಿತು.

ಖಾನಾವಳಿ ಹುಬ್ಬಳ್ಳಿಯವರಿಗೆ ಹೊಸದಲ್ಲ. ಆದರೆ ಇಲ್ಲಿ ಪರೇಲ್, ಲಾಲ್‌ಬಾಗ್ ಸುತ್ತಲಿನ ಗಿರಣಿ ಸೀಮೆಯಲ್ಲಿ ಕೊಂಕಣದಿಂದ ಬಂದ ಕಾರ್ಮಿಕರಿಗೆ ಅನ್ನ ಹಾಕಿದವರು ಬಹುಪಾಲು ಹೆಂಗಸರು, ತಮ್ಮದೇ ಚಾಳಿನ ಖೋಲಿಯಲ್ಲಿ. ಸಾಲ ಕೊಟ್ಟವರ ಕೈಯಲ್ಲಿ ಸಿಕ್ಕಿಬಿದ್ದಿದ್ದ ಆ ಹೆಂಗಸರನ್ನು ಸಾಮಾಜಿಕ ಕಾರ್ಯಕರ್ತೆ ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳದಡಿ ಒಗ್ಗೂಡಿಸಿದರು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿ, ಉಣ್ಣುವವರೇ ಕರಗಿದರು. ರುಚಿ ಉಳಿದಿದೆ: ದಾದರ್, ಪರೇಲ್ ಕಡೆಯ ಯಾವುದಾದರೂ ಸಣ್ಣ ಮಾಲ್ವಣಿ (ಕೊಂಕಣ ಕರಾವಳಿಯ ಅಡುಗೆಯ) ಹೋಟೆಲಿಗೆ ನುಗ್ಗಿ ಗರಿಗರಿ ಬೊಂಬಿಲ್ ಮೀನು, ಕೋಳಿ ಸಾರಿನೊಂದಿಗೆ ಪೂರಿಯಂಥ ವಡೆ ಕೊಡುವ ಕೋಂಬಡಿ ವಡೆ, ಕೊನೆಗೆ ಸೋಲ್ ಕಢಿ ಕೇಳಿ. ನಮ್ಮ ಪುನರ್ಪುಳಿಯೇ ಅದು, ತೆಂಗಿನ ಹಾಲಿನೊಂದಿಗೆ.

ಉಳಿದದ್ದು ಬೇಗ ಹೇಳುತ್ತೇನೆ. ಭೇಂಡಿ ಬಜಾರಿನ ನೂರ್ ಮೊಹಮ್ಮದಿಯಲ್ಲಿ ‘ನಲ್ಲಿ ನಿಹಾರಿ’, ಅಂದರೆ ಮಜ್ಜೆ ತುಂಬಿದ ಮೂಳೆಯ ಮಾಂಸದ ಸಾರು. ರಂಜಾನ್ ರಾತ್ರಿ ಮಿನಾರಾ ಮಸೀದಿಯ ಸುತ್ತ ಮಾಲ್‌ಪುವಾ, ಫಿರ್ನಿ; ಜನಜಂಗುಳಿ ಆಗದವರು ವಾರದ ನಡುವೆ ಹೋಗಲಿ. ಕಾಲ್ಬಾದೇವಿಯ ಠಾಕರ್ ಭೋಜನಾಲಯದಲ್ಲಿ ಗುಜರಾತಿ ಥಾಲಿ ಉಂಡ ದಿನ ಸಂಜೆ ಬೇರೆ ಏನನ್ನೂ ಇಟ್ಟುಕೊಳ್ಳಬೇಡಿ, ಬಡಿಸುವವರು ಸಾಕು ಎಂದರೂ ಕೇಳುವುದಿಲ್ಲ. ನಮ್ಮೂರ ದರ್ಶಿನಿಗಳಲ್ಲೂ ಮೆರೆಯುವ ಗೋಬಿ ಮಂಚೂರಿಗೆ ಮೂಲವಾದ ಚಿಕನ್ ಮಂಚೂರಿಯನ್ ಕೂಡ ಇಲ್ಲಿಯದೇ. 1975ರಲ್ಲಿ ಇಲ್ಲಿನ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ನೆಲ್ಸನ್ ವಾಂಗ್ ಮಾಡಿದ್ದು ಎನ್ನುತ್ತಾರೆ.

ಬಾಂದ್ರಾದ ಹೊಸ ರೆಸ್ಟೋರೆಂಟುಗಳ ಬಗ್ಗೆ ಕೇಳಿದ್ದಿರಿ. ಅವು ಇಬ್ಬರು ಮೂವರು ಸೇರಿ ಹೋಗಬೇಕಾದ ಜಾಗಗಳು, ಒಬ್ಬರ ಮೇಜಿಗೆ ಅಲ್ಲಿ ಮರ್ಯಾದೆ ಕಡಿಮೆ. ಮನೆಯವರು ಬಂದಾಗ ನೋಡಿಕೊಳ್ಳಿ. ಈ ಭಾನುವಾರ ಬಿಡುವಿದ್ದರೆ ಬೆಳಿಗ್ಗೆಯೇ ಚೆಂಬೂರಿಗೆ ಹೊರಡಿ: ದೇಶ ಒಡೆದಾಗ ಬಂದ ಸಿಂಧಿಗಳ ಕ್ಯಾಂಪಿನ ಸುತ್ತ ದಾಲ್ ಪಕ್ವಾನ್, ಅಂದರೆ ಬೇಳೆಯ ಜೊತೆ ಗರಿಗರಿ ಪೂರಿ, ಸಿಗುತ್ತದೆ. ಅದು ನಾಷ್ಟಾದ ತಿನಿಸು, ತಡವಾಗಿ ಹೋದರೆ ಸಿಗದೆಯೂ ಇರಬಹುದು.