“ಇಂಗ್ಲಿಷ್ ಬರೋದಿಲ್ಲ ಮೇಡಂ”: ಐದು ಭಾಷೆ ಮಾತಾಡುವ ಹುಡುಗಿಯ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.)

ಆಪ್ತಸಮಾಲೋಚನೆಗೆ ನನ್ನ ಬಳಿ ಬಂದ ದಕ್ಷಿಣ ಕೊಡಗಿನ ಹುಡುಗಿ. ವಯಸ್ಸು 23, ಬಿ.ಕಾಂ. ಮುಗಿದಿದೆ. ತಂದೆ ಕಾಫಿ ತೋಟದಲ್ಲಿ ರೈಟರ್, ಅಂದರೆ ಕೆಲಸದವರ ಹಾಜರಿ, ಲೆಕ್ಕ ಬರೆಯುವವರು. ಕರೆದುಕೊಂಡು ಬಂದವರು ತಾಯಿ, ಮಾತು ಶುರು ಮಾಡಿದ್ದೂ ಅವರೇ. “ಮೇಡಂ, ಇವಳಿಗೆ ಇಂಗ್ಲಿಷ್ ಬರೋದಿಲ್ಲ. ಇಂಟರ್‌ವ್ಯೂಗೆ ಹೋದ್ರೆ ಅಳ್ತಾ ಬರ್ತಾಳೆ. ಮೈಸೂರಲ್ಲಿ ಸ್ಪೋಕನ್ ಇಂಗ್ಲಿಷ್ ಕೋರ್ಸಿಗೆ ಸೇರಿಸೋಣ ಅಂತಿದ್ದೀನಿ. ನೀವೇ ಸ್ವಲ್ಪ ಬುದ್ಧಿ ಹೇಳಿ.”

ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದೆ. ನಿದ್ದೆ, ಊಟ, ಸಾಯುವ ಯೋಚನೆ ಏನಾದರೂ ಬಂದಿತ್ತಾ ಎಂದು ಮೊದಲು ಕೇಳಿದೆ. ಹಾಗೇನೂ ಇರಲಿಲ್ಲ. ಇದ್ದದ್ದು ನಾಚಿಕೆ. ಖಾಸಗಿ ಕಂಪನಿಯೊಂದರಲ್ಲಿ ಆಕೆ ತಡವರಿಸುತ್ತಾ ಉತ್ತರಿಸುತ್ತಿದ್ದಾಗ, ಪ್ರಶ್ನೆ ಕೇಳಿದವರು ಫೋನ್ ನೋಡುತ್ತಾ ಕೂತಿದ್ದರಂತೆ. ಆಮೇಲೆ ಅರ್ಜಿ ಹಾಕುವುದನ್ನೇ ಬಿಟ್ಟಿದ್ದಳು.

ಆಕೆಯ ಬಯೋಡೇಟಾದಲ್ಲಿ ‘ಭಾಷೆಗಳು: ಕನ್ನಡ, ಇಂಗ್ಲಿಷ್’ ಎಂದಿತ್ತು. ಮನೆಯಲ್ಲಿ ಏನು ಮಾತಾಡ್ತೀರಿ ಎಂದೆ. ಮಲಯಾಳಂ. ತೋಟದ ಸಾವ್ಕಾರ್ರ ಮನೆಯಲ್ಲಿ? ಕೊಡವ ತಕ್ಕ್, ಅಂದರೆ ಕೊಡವರ ಭಾಷೆ. ಲೈನ್‌ಮನೆ (ತೋಟದ ಕೆಲಸದವರ ಸಾಲುಮನೆ) ಮಕ್ಕಳ ಜೊತೆ ಆಡಿ ಬೆಳೆದದ್ದರಿಂದ ಎರವ ಆದಿವಾಸಿಗಳ ಭಾಷೆ. ಅಸ್ಸಾಂನಿಂದ ಬಂದ ಕೆಲಸದವರ ಹಾಜರಿ ಬರೆಯಲು ಅಪ್ಪನಿಗೆ ಸಹಾಯ ಮಾಡುತ್ತಾ ಹಿಂದಿ.

“ಇದನ್ನೆಲ್ಲ ಯಾಕೆ ಬರೆದಿಲ್ಲ?”

“ಅದೆಲ್ಲ ಸುಮ್ನೆ ಮಾತಾಡೋದು ಮೇಡಂ. ಸರ್ಟಿಫಿಕೇಟ್ ಇಲ್ವಲ್ಲ. ಎರವ ಮಾತಾಡ್ತೀನಿ ಅಂದ್ರೆ ಕಾಲೇಜಲ್ಲಿ ನಗ್ತಿದ್ರು.”

ಕೊಡಗಿನಲ್ಲಿ ಇದು ಹೊಸದಲ್ಲ. ಗೋಣಿಕೊಪ್ಪದ ಸಂತೆಗೆ ಹೋಗಿ ಬರುವಷ್ಟರಲ್ಲಿ ಇಲ್ಲಿನವರು ನಾಲ್ಕು ಭಾಷೆ ಬದಲಿಸುತ್ತಾರೆ. ಎಲ್ಲರಿಗೂ ಬರುವುದರಿಂದ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಾತಿನ ನಡುವೆ ಆಸ್ಪತ್ರೆಯ ವಿಷಯ ಬಂತು. ತೋಟದ ಎರವ ಹೆಂಗಸೊಬ್ಬರ ಜೊತೆ ಈಕೆ ಹೋಗಿದ್ದಳು. ಡಾಕ್ಟರ್ ಕನ್ನಡದಲ್ಲಿ ಕೇಳಿದ ಎಲ್ಲದಕ್ಕೂ ಆ ಹೆಂಗಸು ‘ಹೌದು’ ಎನ್ನುತ್ತಿದ್ದರು. ಈಕೆ ಎರವ ಭಾಷೆಯಲ್ಲಿ ಮತ್ತೆ ಕೇಳಿದಾಗ ಗೊತ್ತಾಯಿತು, ತಲೆ ಸುತ್ತುತ್ತದೆ ಎಂದು ಅವರು ಬಿಪಿ ಮಾತ್ರೆ ಬಿಟ್ಟು ತುಂಬಾ ದಿನವಾಗಿತ್ತು. ಡಾಕ್ಟರ್ ಮಾತ್ರೆ ಬದಲಿಸಿದರು. ಈಕೆ ಇದನ್ನು ಹೇಳಿದ್ದು ‘ಅವತ್ತು ಬಸ್ ತಪ್ಪಿತು’ ಎಂಬ ಕತೆಯ ಭಾಗವಾಗಿ! ನನಗೆ ಸಿಟ್ಟೇ ಬಂತು. ಅವತ್ತು ಆಕೆ ಮಾಡಿದ್ದು ಕೆಲಸ. ಅದಕ್ಕೆ ಸಂಬಳ ಇರಲಿಲ್ಲ ಅಷ್ಟೇ.

ತಾಯಿಯನ್ನೂ ಒಳಗೆ ಕೂರಿಸಿಕೊಂಡು ನಾನು ಹೇಳಿದ್ದು ಇದು.

ಬಯೋಡೇಟಾದಲ್ಲಿ ಐದೂ ಭಾಷೆ ಬರಲಿ. ಯಾವುದನ್ನು ಮಾತಾಡಲು ಬರುತ್ತದೆ, ಯಾವುದನ್ನು ಓದಲು, ಬರೆಯಲು ಬರುತ್ತದೆ ಎಂದು ಬೇರೆ ಬೇರೆಯಾಗಿ ಹಾಕು. ಎಲ್ಲಿ ಬಳಸಿದ್ದೀಯ ಎಂದೂ ಒಂದು ಸಾಲು ಇರಲಿ. ಸುಳ್ಳು ಬೇಡ, ಸಂಕೋಚವೂ ಬೇಡ.

ಆದರೆ ಬಾಯಿಮಾತಿನ ಭಾಷೆಗೆ ಪರೀಕ್ಷೆಯಲ್ಲಿ ಬೆಲೆ ಕಡಿಮೆ. ಇದನ್ನು ಮುಚ್ಚಿಡಲಾರೆ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ 22 ಭಾಷೆಗಳಿವೆ, ಅದರಲ್ಲಿ ಕೊಡವ ತಕ್ಕ್ ಇಲ್ಲ, ಎರವ ಭಾಷೆಯೂ ಇಲ್ಲ. ಪರೀಕ್ಷೆಯಲ್ಲಿ ಕೆಲಸಕ್ಕೆ ಬರುವುದು ನಿನ್ನ ಕನ್ನಡ. ಗ್ರಾಮ ಆಡಳಿತ ಅಧಿಕಾರಿಯಂಥ ಹುದ್ದೆಗಳಿಗೆ ಕಡ್ಡಾಯ ಕನ್ನಡ ಪತ್ರಿಕೆ ಇದೆ. 150ಕ್ಕೆ 50 ಅಂಕ ಬರಲೇಬೇಕು. ಆ ಅಂಕ ರ‍್ಯಾಂಕಿಗೆ ಸೇರುವುದಿಲ್ಲ, ಬಾರದಿದ್ದರೆ ಮಾತ್ರ ಮುಂದೆ ದಾರಿ ಇಲ್ಲ. ಐಬಿಪಿಎಸ್ ನಡೆಸುವ ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಒಂದೇ ರಾಜ್ಯ ಆರಿಸಬೇಕು, ಆ ರಾಜ್ಯದ ಭಾಷೆ ಗೊತ್ತಿರಬೇಕು. ಕನ್ನಡ ಓದಿದ ನಿನಗೆ ಕರ್ನಾಟಕದಲ್ಲಿ ಆ ತೊಂದರೆ ಇಲ್ಲ. ಇದರಿಂದ ಶುರು ಮಾಡು.

ಮಲಯಾಳಂ ಓದಲು, ಬರೆಯಲು ಕಲಿ. ಕಾಸರಗೋಡಿನಲ್ಲಿ ಕನ್ನಡ ಮಾತಾಡುವವರು ಬಹಳ. ಹಾಗಾಗಿ ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಅಲ್ಲಿಗೆ ಕನ್ನಡ, ಮಲಯಾಳಂ ಎರಡೂ ಬಲ್ಲ ಗುಮಾಸ್ತರ ಹುದ್ದೆಗೇ ಅರ್ಜಿ ಕರೆಯುವುದುಂಟು. ವಯಸ್ಸು, ಅರ್ಹತೆಯನ್ನು ಅಧಿಸೂಚನೆಯಲ್ಲಿ ನೋಡಿಕೊಳ್ಳಬೇಕು.

“ಕಲಿಸೋದು ಯಾರು?” ಎಂದಳು. ತಾಯಿ ದಿನಾ ಮಲಯಾಳಂ ಪೇಪರ್ ಓದುತ್ತಾರೆ! ಅವರತ್ತ ನೋಡಿದೆ. “ನನಗೆಲ್ಲಿ ಪುರುಸೊತ್ತು” ಎಂದರು, ಆದರೆ ಇಲ್ಲ ಎನ್ನಲಿಲ್ಲ.

ಆಸ್ಪತ್ರೆಯ ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡಿದೆವು. ಯಾರು ಕರೆದರೂ ಹೋಗುತ್ತಿದ್ದಳು, ರಾತ್ರಿಯಾದರೂ. ಇಲ್ಲ ಎನ್ನಲು ಬರುತ್ತಿರಲಿಲ್ಲ. ನಡುವೆ ನಿಂತು ಮಾತು ದಾಟಿಸುವವರಿಗೆ ಕೆಲವು ಕಟ್ಟುಪಾಡು ಬೇಕು ಎಂದೆ. ಅವರು ಹೇಳಿದ್ದನ್ನು ಪೂರ್ತಿ ಹೇಳು, ಚಿಕ್ಕದು ಮಾಡಬೇಡ. ನಿನ್ನ ಸಲಹೆ ಸೇರಿಸಬೇಡ. ಕೇಳಿದ್ದು ಲೈನ್‌ಮನೆಗೆ ವಾಪಸ್ ಹೋಗಬಾರದು, ಅಪ್ಪನ ಕಿವಿಗಂತೂ ಬೀಳಲೇಬಾರದು. ರೈಟರ್ ಮಗಳ ಮುಂದೆ ತನ್ನ ಕಾಯಿಲೆ ಹೇಳಿಕೊಳ್ಳಲು ಕೆಲಸದಾಕೆಗೆ ಹೆದರಿಕೆ ಇರುತ್ತದೆ, ಅಲ್ವಾ? ಹಾಗಾಗಿ ಮೊದಲು ಅವರನ್ನೇ ಕೇಳು, ನಾನು ಇರಬಹುದಾ ಎಂದು. ಇದು ಆಕೆಗೆ ಹೊಳೆದೇ ಇರಲಿಲ್ಲ. ಮುಖ ಸಣ್ಣದಾಯಿತು.

ಈ ಅನುಭವಕ್ಕೆ ಕಾಗದದ ಬಲ ಬರಲು ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್ (ಜನರಿಗೆ ಕಾನೂನು ನೆರವು ತಲುಪಿಸುವ ಸ್ವಯಂಸೇವಕರು) ಆಯ್ಕೆ ಯಾವಾಗ ಎಂದು ವಿಚಾರಿಸಲು ಹೇಳಿದೆ. ಅದು ಸಂಬಳದ ಕೆಲಸವಲ್ಲ, ಗೌರವಧನ ಮಾತ್ರ. ಆದರೆ ತರಬೇತಿ ಇದೆ, ಗುರುತಿನ ಚೀಟಿ ಇದೆ. ಕೋರ್ಟಿನಲ್ಲಿ ಆರೋಪಿಗೆ ಅರ್ಥವಾಗದ ಭಾಷೆಯಲ್ಲಿ ಸಾಕ್ಷಿ ನುಡಿದರೆ, ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು ಎಂದು ಕಾನೂನೇ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು ಉಳಿದಿದೆ. ಎರವ ಭಾಷೆ ಬಲ್ಲವರು ಆ ಕೋಣೆಗಳಲ್ಲಿ ಎಷ್ಟು ಮಂದಿ ಸಿಕ್ಕಾರು?

ಇಂಗ್ಲಿಷ್ ಬೇಡವೇ ಬೇಡ ಎಂದು ನಾನು ಹೇಳಲಿಲ್ಲ. ಬ್ಯಾಂಕ್ ಪರೀಕ್ಷೆಯಲ್ಲಿ ಇಂಗ್ಲಿಷ್ ಭಾಗ ಇದೆ, ಅದನ್ನು ದಾಟಬೇಕು. ಆದರೆ ಸಾಲ ಮಾಡಿ ಮೈಸೂರಿನಲ್ಲಿ ಪಿಜಿ ಹಿಡಿಯುವುದು ಈಗ ಬೇಡ. ಹಳೆಯ ಪ್ರಶ್ನೆಪತ್ರಿಕೆ, ಇಮೇಲ್, ಫೋನಿನಲ್ಲಿ ಆಡುವ ನಾಲ್ಕು ಮಾತು, ಇಷ್ಟರಿಂದ ಶುರುವಾಗಲಿ.

ಈಗ ಆಕೆ ಹೋಂಸ್ಟೇ ಒಂದರಲ್ಲಿ ಬುಕಿಂಗ್ ನೋಡಿಕೊಳ್ಳುತ್ತಿದ್ದಾಳೆ. ಕೇರಳದ ಅತಿಥಿಗಳ ಫೋನ್ ಎಲ್ಲ ಆಕೆಗೇ. ಸಂಬಳ ಕಡಿಮೆ, ಓದಲು ಸಂಜೆ ಸಿಗುತ್ತದೆ. ಮಲಯಾಳಂ ಅಕ್ಷರ ಮುಗಿದಿದೆ, ಒತ್ತಕ್ಷರದಲ್ಲಿ ತಾಯಿ ಮಗಳಿಗೆ ಜಗಳ ನಡೆಯುತ್ತಿದೆ. ತಾಯಿಗೆ ಇಂಗ್ಲಿಷ್ ಕೋರ್ಸಿನ ಆಸೆ ಇನ್ನೂ ಬಿಟ್ಟಿಲ್ಲ. ಮುಂದಿನ ಸಲ ಬರುವಾಗ ತುಂಬಿದ ಬ್ಯಾಂಕ್ ಅರ್ಜಿ ತಾ, ಬಯೋಡೇಟಾ ಕನ್ನಡದಲ್ಲೂ ಒಂದು ಪ್ರತಿ ಇರಲಿ ಎಂದು ಹೇಳಿ ಕಳಿಸಿದ್ದೇನೆ.